ಕ್ರಿಯಾಪದದ ಆಚೆಗೆ: ಸಾಗರ, ಹೊಸನಗರ, ತೀರ್ಥಹಳ್ಳಿಯ ಆಡುಮಾತಿನಲ್ಲಿ ಪದಕ್ರಮ ಮತ್ತು ಮಾಹಿತಿ

ಕರ್ತೃ, ಕರ್ಮ, ಕ್ರಿಯೆ ಎಂಬ ಕ್ರಮವನ್ನು ಶಾಲೆಯಲ್ಲಿ ಕಲಿತ ನಾವು ಕ್ರಿಯಾಪದದ ನಂತರ ಬರುವುದನ್ನೆಲ್ಲ ಮಾತಿನ ಸಡಿಲತೆ ಎಂದು ಬದಿಗಿಡುತ್ತೇವೆ. ಆದರೆ ಆ ಜಾಗಕ್ಕೂ ಕಟ್ಟುನಿಟ್ಟಾದ ನಿಯಮವಿದೆ. ಮಲೆನಾಡಿನ ಮನೆಮಾತು ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಅಡಿಕೆ ಸುಲಿಯುತ್ತ ಕುಳಿತವರು ‘ಯಾರು ಬಂದ್ರು?’ ಎಂದು ಕೇಳಿದರೆ ‘ಅಪ್ಪಯ್ಯ ಬಂದ್ರು’ ಎನ್ನುವುದು ಉತ್ತರ. ‘ಬಂದ್ರು ಅಪ್ಪಯ್ಯ’ ಎಂಬುದು ಆ ಪ್ರಶ್ನೆಗೆ ಸಲ್ಲದು. ಎಲ್ಲರೂ ಅಪ್ಪಯ್ಯನ ದಾರಿ ಕಾಯುತ್ತಿದ್ದರೆ ಮಾತ್ರ ಹಾಗೆ ಹೇಳಬಹುದು. ಆಗ ಬಂದದ್ದು ಹೊಸ ಸುದ್ದಿ, ಅಪ್ಪಯ್ಯ ಮೊದಲೇ ಮನಸ್ಸಿನಲ್ಲಿದ್ದವರು. ‘ಮಾರಿದ್ರಾ ಅಡಿಕೆನ?’ ಎಂಬಲ್ಲಿಯೂ ಅಡಿಕೆ ಇಬ್ಬರಿಗೂ ಗೊತ್ತಿರುವ ವಿಷಯವೇ. ಆದ್ದರಿಂದಲೇ ‘ಬಂದ್ರು ಯಾರು?’ ಎಂದು ಯಾರೂ ಕೇಳುವುದಿಲ್ಲ.

ಸ್ಪ್ಯಾನಿಷ್ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಯಾರು ಬಂದ್ರು?’ ಎಂಬ ಪ್ರಶ್ನೆಗೆ ‘ವಿನೊ ಹ್ವಾನ್’, ಅಂದರೆ ಕ್ರಿಯಾಪದ ಮೊದಲು, ಹೊಸ ಕರ್ತೃ ಕೊನೆಗೆ. ಇಂಗ್ಲಿಷಿನಲ್ಲಿ ಪದಗಳು ಇದ್ದಲ್ಲೇ ಇರುತ್ತವೆ, ದನಿಯ ಒತ್ತು ಮಾತ್ರ ಕರ್ತೃವಿನ ಮೇಲೆ ಬೀಳುತ್ತದೆ.

ಹಾಗಾದರೆ ‘ಬಂದಿದ್ದು ಅಪ್ಪಯ್ಯ’ ಎಂಬ ಸಹಜವಾದ ಉತ್ತರದಲ್ಲಿ ಹೊಸ ಸುದ್ದಿ ಕೊನೆಗೆ ಹೇಗೆ ಬಂತು? ಇಲ್ಲಿ ‘ಬಂದಿದ್ದು’ ಕ್ರಿಯಾಪದವಾಗಿ ಉಳಿದಿಲ್ಲ, ನಾಮಪದವಾಗಿದೆ. ಗೊತ್ತಿರುವ ಸಂಗತಿ ಆ ನಾಮಪದದೊಳಗೆ ಸೇರಿ ಕರ್ತೃವಾಗುತ್ತದೆ. ಅಪ್ಪಯ್ಯ ಎಂಬುದೇ ಆಖ್ಯಾತವಾಗುತ್ತದೆ. ಇದಕ್ಕೆ ನಿಷೇಧರೂಪಕ್ಕಿಂತ ಬಲವಾದ ಸಾಕ್ಷಿ ಬೇಡ. ‘ಅಪ್ಪಯ್ಯ ಬರ್ಲಿಲ್ಲ’ ಎನ್ನುವವರೇ ‘ಬಂದಿದ್ದು ಅಪ್ಪಯ್ಯ ಅಲ್ಲ’ ಎನ್ನುತ್ತಾರೆ. ನಾಮಪದವನ್ನು ಅಲ್ಲಗಳೆಯುವ ‘ಅಲ್ಲ’ ತಾನಾಗಿಯೇ ಬಂದು ನಿಲ್ಲುತ್ತದೆ. ‘ನಾನು ಬಂದೆ’ ಎಂಬಲ್ಲಿರುವ ಪುರುಷಪ್ರತ್ಯಯ ‘ಬಂದಿದ್ದು ನಾನು’ ಎಂಬಲ್ಲಿ ಕಾಣೆಯಾಗುವುದೂ ಇದೇ ಕಾರಣಕ್ಕೆ. ಕಾಲವನ್ನು ಎತ್ತಿ ಹೇಳಬೇಕಾದರೂ ಇದೇ ದಾರಿ: ‘ನಾನು ಬಂದಿದ್ದು ನಿನ್ನೆ’.

ಪುರುಷಪ್ರತ್ಯಯದ ಈ ಪರೀಕ್ಷೆಯನ್ನು ಹವ್ಯಕ ಕನ್ನಡದಲ್ಲಿ ಮಾಡುವಾಗ ಎಚ್ಚರ ಬೇಕು. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ವ್ಯಾಕರಣ ಬರೆದ ಈ ಉಪಭಾಷೆಯಲ್ಲಿ ಹೆಂಗಸರನ್ನು ಕುರಿತೂ ನಪುಂಸಕ ಕ್ರಿಯಾರೂಪ ಬಳಕೆಯಾಗುತ್ತದೆ. ಹಾಗಾಗಿ ಪ್ರತ್ಯಯದ ವ್ಯತ್ಯಾಸ ಎದ್ದು ಕಾಣುವ ಪುಲ್ಲಿಂಗ ಇಲ್ಲವೇ ಉತ್ತಮಪುರುಷದ ವಾಕ್ಯಗಳನ್ನೇ ಆರಿಸಿಕೊಳ್ಳಬೇಕು.

ಹೊಸ ಸುದ್ದಿಯನ್ನು ವಾಕ್ಯದಲ್ಲಿ ಎಲ್ಲಿಡಬೇಕು ಎಂಬುದು ಅನುವಾದಕರಿಗೆ, ರಂಗದ ನಟರಿಗೆ ದಿನದಿನದ ಪ್ರಶ್ನೆ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್‌ನಂಥ ರಂಗಭೂಮಿಯಲ್ಲಿ ಇಂಗ್ಲಿಷ್ ನಾಟಕದ ಸಾಲೊಂದು ಕನ್ನಡಕ್ಕೆ ಬಂದಾಗ, ಮೂಲದ ಒತ್ತನ್ನು ದನಿಗೆ ಮಾತ್ರ ಬಿಡಬಾರದು. ವಾಕ್ಯದ ಕಟ್ಟಡವೇ ಬದಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪದಗಳನ್ನು ಹೀಗೆ ಸರಿಸುವುದಕ್ಕೆ ಇನ್ನೊಂದು ಮಿತಿಯಿದೆ. ಅಧೀನ ವಾಕ್ಯದೊಳಗೆ ಕ್ರಿಯೆಯ ನಂತರದ ಈ ಜಾಗವೇ ಇಲ್ಲ. ‘ಅಪ್ಪಯ್ಯ ಬಂದ್ಮೇಲೆ ಊಟ’ ಎನ್ನಬಹುದು. ‘ಬಂದ’ ಮತ್ತು ‘ಮೇಲೆ’ಗಳ ನಡುವೆ ಅಪ್ಪಯ್ಯನನ್ನು ತರಲಾಗದು. ಗೊತ್ತಿದ್ದುದನ್ನು ಹಿಂದಕ್ಕೆ ಸರಿಸುವ ಸ್ವಾತಂತ್ರ್ಯ ಇರುವುದು ಪ್ರಧಾನ ವಾಕ್ಯಕ್ಕೆ ಮಾತ್ರ.