ಹೊಸಿಲು ದಾಟದ ರಿಪೇರಿಯವರು

ಕಂಪ್ಯೂಟರಿನ ಚರಿತ್ರೆ ಎಂದು ನಾವು ಓದುವುದು ಬಹುಮಟ್ಟಿಗೆ ಅದನ್ನು ಕಟ್ಟಿದವರ ಮತ್ತು ಮಾರಿದವರ ಕಥೆ. ಕೆಟ್ಟು ನಿಂತ ಯಂತ್ರವನ್ನು ಮತ್ತೆ ನಡೆಸಿದವರು ಆ ಕಥೆಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತಾರೆ. ಆದರೆ ಈ ಯಂತ್ರ ನಮ್ಮ ಮನೆಗಳಲ್ಲಿ ಉಳಿದುಕೊಂಡಿರುವುದು ರಿಪೇರಿಯವರ ದೆಸೆಯಿಂದಲೇ. ಈಗಂತೂ ಆ ರಿಪೇರಿಯವರು ಮನೆಗೆ ಬರುವುದೂ ಇಲ್ಲ. ನಾವು ಫೋನ್ ಮಾಡುತ್ತೇವೆ, ಅವರು ಒಂದು ಸಣ್ಣ ತಂತ್ರಾಂಶವನ್ನು ಇಳಿಸಿಕೊಳ್ಳಲು ಹೇಳುತ್ತಾರೆ, ಪರದೆಯ ಮೇಲೆ ಮೂಡಿದ ಅಂಕಿಗಳನ್ನು ನಾವು ಓದಿ ಹೇಳುತ್ತೇವೆ. ಮರುಕ್ಷಣ ಮೌಸಿನ ಬಾಣ ತಾನಾಗಿಯೇ ಓಡಾಡತೊಡಗುತ್ತದೆ. ಮುಖ ಕಾಣದ ಯಾರೋ ಒಬ್ಬರು ನಮ್ಮ ಮೇಜಿನ ಖಾನೆಗಳನ್ನು ತೆರೆದು ನೋಡುತ್ತಿರುತ್ತಾರೆ.

ಹೀಗೆ ಅಪರಿಚಿತರಿಗೆ ಬಾಗಿಲು ತೆರೆಯುವ ಪದ್ಧತಿ ನಮಗೆ ಹೇಗೆ ರೂಢಿಯಾಯಿತು? ಅದರ ಹಿಂದೆ ಸುಮಾರು 80 ವರ್ಷಗಳ ಚರಿತ್ರೆಯಿದೆ.

ದೂರದಿಂದ ಕಂಪ್ಯೂಟರನ್ನು ಮುಟ್ಟಿದ ಮೊದಲ ಸಾರ್ವಜನಿಕ ಪ್ರಯೋಗ ನಡೆದದ್ದು 1940ರ ಸೆಪ್ಟೆಂಬರ್ 11ರಂದು. ಬೆಲ್ ಲ್ಯಾಬ್ಸ್‌ನ ಗಣಿತಜ್ಞ ಜಾರ್ಜ್ ಸ್ಟಿಬಿಟ್ಜ್ ಅದಕ್ಕೂ ಮೂರು ವರ್ಷ ಮೊದಲು ತನ್ನ ಮನೆಯ ಅಡುಗೆಮನೆಯ ಮೇಜಿನ ಮೇಲೆ ಟೆಲಿಫೋನ್ ರಿಲೇಗಳನ್ನು ಜೋಡಿಸಿ ಲೆಕ್ಕ ಕೂಡುವ ಒಂದು ಸಣ್ಣ ಸಾಧನ ಮಾಡಿದ್ದ. ಅದೇ ಬೆಳೆದು ನ್ಯೂಯಾರ್ಕಿನಲ್ಲಿ ದೊಡ್ಡ ಯಂತ್ರವಾಯಿತು. ಅಮೆರಿಕದ ಗಣಿತಜ್ಞರ ಸಭೆ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದಾಗ, ಸ್ಟಿಬಿಟ್ಜ್ ಯಂತ್ರವನ್ನು ಅಲ್ಲಿಗೆ ಹೊರಲಿಲ್ಲ. ಟೆಲಿಟೈಪ್ ಒಂದನ್ನು ಇಟ್ಟು ಟೆಲಿಗ್ರಾಫ್ ತಂತಿಯ ಮೂಲಕ ನೂರಾರು ಕಿಲೋಮೀಟರ್ ದೂರದ ನ್ಯೂಯಾರ್ಕಿಗೆ ಲೆಕ್ಕ ಕಳಿಸಿದ, ಉತ್ತರ ತಂತಿಯಲ್ಲೇ ಮರಳಿತು. ನಾರ್ಬರ್ಟ್ ವೀನರ್ ಮತ್ತು ಮುಂದೆ ಎನಿಯಾಕ್ ಕಟ್ಟಿದ ಜಾನ್ ಮಾಕ್ಲಿ ಇಬ್ಬರೂ ಆ ಸಭೆಯಲ್ಲಿದ್ದರು. ಯಂತ್ರ ಇರುವ ಜಾಗವೂ ಅದನ್ನು ನಡೆಸುವವರ ಜಾಗವೂ ಬೇರೆಯಾಗಬಹುದು ಎಂಬುದು ಅಂದು ಕಣ್ಣೆದುರಿಗೆ ಬಂತು.

ಎರಡನೆಯ ಘಟನೆ 1969ರ ಅಕ್ಟೋಬರ್ 29ರ ರಾತ್ರಿಯದು. ಇಂಟರ್‌ನೆಟ್ಟಿನ ಪೂರ್ವಜ ಎನ್ನಬಹುದಾದ ಅರ್ಪಾನೆಟ್ಟಿನ ಮೊದಲ ಸಂದೇಶ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೋಗಬೇಕಿತ್ತು. ವಿದ್ಯಾರ್ಥಿ ಚಾರ್ಲಿ ಕ್ಲೈನ್ 'ಲಾಗಿನ್' ಎಂದು ಟೈಪ್ ಮಾಡತೊಡಗಿದ. ಎರಡು ಅಕ್ಷರ ದಾಟುವಷ್ಟರಲ್ಲಿ ಆ ಕಡೆಯ ಯಂತ್ರ ಕುಸಿಯಿತು. ಆ ಎರಡು ಅಕ್ಷರಗಳನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಕ್ಲೈನನ ಕಿವಿಯಲ್ಲಿದ್ದ ಟೆಲಿಫೋನ್. ಆ ತುದಿಯಲ್ಲಿ ಬಿಲ್ ಡುವಾಲ್ ಇದ್ದ. ಒಂದೊಂದು ಅಕ್ಷರಕ್ಕೂ ಬಂತೇ ಎಂದು ಇವನು ಕೇಳುತ್ತಿದ್ದ, ಬಂತು ಎಂದು ಅವನು ಹೇಳುತ್ತಿದ್ದ. ಡುವಾಲ್ ದೋಷ ಹುಡುಕಿ ಸರಿಪಡಿಸಿದ ಮೇಲೆ, ಸುಮಾರು ಒಂದು ಗಂಟೆಯ ನಂತರ, ಸಂಪರ್ಕ ಪೂರ್ತಿಯಾಯಿತು. ಜಾಲ ಹುಟ್ಟಿದ ರಾತ್ರಿಯೇ ಅದಕ್ಕೆ ರಿಪೇರಿಯೂ, ರಿಪೇರಿಗೆ ಮಾತೂ ಬೇಕಾಯಿತು.

ಆ ಜಾಲದ ಕೊಂಡಿಗಳಾಗಿದ್ದ ಯಂತ್ರಗಳನ್ನು ಕಟ್ಟಿದ ಬಿಬಿಎನ್ ಕಂಪನಿ ಮ್ಯಾಸಚುಸೆಟ್ಸಿನ ಕೇಂಬ್ರಿಜ್‌ನಲ್ಲಿ ಒಂದು ನಿಯಂತ್ರಣ ಕೇಂದ್ರ ತೆರೆಯಿತು. ದೇಶದ ಉದ್ದಗಲಕ್ಕೂ ಹರಡಿದ್ದ ಯಂತ್ರಗಳು ನಿಯಮಿತವಾಗಿ 'ನಾನು ಚೆನ್ನಾಗಿದ್ದೇನೆ' ಎಂಬಂಥ ವರದಿಯನ್ನು ಅಲ್ಲಿಗೆ ಕಳಿಸುತ್ತಿದ್ದವು. ವರದಿ ನಿಂತರೆ ಏನೋ ಕೆಟ್ಟಿದೆ ಎಂದು ಅರ್ಥ. ತಂತ್ರಾಂಶ ಕೆಟ್ಟ ಯಂತ್ರ ಪಕ್ಕದ ಯಂತ್ರದಿಂದ ಹೊಸ ಪ್ರತಿ ಪಡೆದು ಮತ್ತೆ ಏಳುತ್ತಿತ್ತು. ಸಾವಿರಾರು ಮೈಲಿ ದೂರದ ಯಾವುದೋ ಊರಿನಲ್ಲಿ ನಿಮ್ಮ ಲೈನ್ ಕೆಟ್ಟಿದೆ ಎಂದು ಬಿಬಿಎನ್‌ನವರು ಫೋನ್ ಮಾಡಿದರೆ, ಟೆಲಿಫೋನ್ ಕಂಪನಿಯವರಿಗೆ ನಂಬಲಾಗುತ್ತಿರಲಿಲ್ಲವಂತೆ. ಕಣ್ಣಿಂದ ನೋಡದೆ ರೋಗ ಹೇಳುವ ವಿದ್ಯೆ ಹೀಗೆ ಬೆಳೆಯಿತು. 1977ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತಂದ ವ್ಯಾಕ್ಸ್ 11/780 ಕಂಪ್ಯೂಟರಿನೊಳಗೆ ಇನ್ನೊಂದು ಸಣ್ಣ ಕಂಪ್ಯೂಟರ್ ಇತ್ತು. ದೊಡ್ಡದು ಮಲಗಿದರೂ ಇದರ ಮೂಲಕ ಕಂಪನಿಯ ಎಂಜಿನಿಯರ್ ಟೆಲಿಫೋನ್ ಲೈನಿನಲ್ಲೇ ತಪಾಸಣೆ ನಡೆಸಬಹುದಿತ್ತು.

ಇದೆಲ್ಲ ಕಂಪನಿಗಳ, ವಿಶ್ವವಿದ್ಯಾಲಯಗಳ ಯಂತ್ರಗಳ ಮಾತು. ಅಲ್ಲಿ ಎರಡೂ ತುದಿಯಲ್ಲಿ ಕೆಲಸ ಬಲ್ಲವರಿದ್ದರು. ಮನೆಯ ಕಥೆ ಬೇರೆ.

1980ರ ದಶಕದಲ್ಲಿ ಪಿಸಿ ಎನಿವೇರ್‌ನಂಥ ತಂತ್ರಾಂಶಗಳು ಬಂದವು. ಮೋಡೆಮ್ ಇದ್ದರೆ ಒಂದು ಪಿಸಿಯಿಂದ ಇನ್ನೊಂದನ್ನು ನಡೆಸಬಹುದಾಯಿತು. ಆದರೆ ಮನೆಗೆ ಇರುತ್ತಿದ್ದುದು ಒಂದೇ ಟೆಲಿಫೋನ್ ಲೈನ್. ಅದನ್ನು ಮೋಡೆಮ್ ಹಿಡಿದುಕೊಂಡರೆ ಮಾತಾಡಲು ದಾರಿಯಿಲ್ಲ, ಮಾತಾಡುತ್ತಿದ್ದರೆ ಕಂಪ್ಯೂಟರಿಗೆ ದಾರಿಯಿಲ್ಲ. ಕ್ಲೈನ್ ಮತ್ತು ಡುವಾಲ್‌ಗೆ ಸಿಕ್ಕ ಎರಡು ತಂತಿಗಳ ಭಾಗ್ಯ ಮನೆಯವರಿಗಿರಲಿಲ್ಲ.

ಮುಂದಿನ ಹೆಜ್ಜೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಓಲಿವೆಟ್ಟಿ ಸಂಶೋಧನಾಲಯದ್ದು. ಅಲ್ಲಿ ರೂಪುಗೊಂಡ ವಿಎನ್‌ಸಿ ಎಂಬ ತಂತ್ರಾಂಶ 1998ರ ಹೊತ್ತಿಗೆ ಎಲ್ಲರಿಗೂ ಉಚಿತವಾಗಿ, ಮೂಲ ಸಂಕೇತದ ಸಮೇತ ಸಿಕ್ಕಿತು. ಅದರ ಉಪಾಯ ಸರಳ. ಪರದೆಯಲ್ಲಿ ಎಲ್ಲಿ ಬದಲಾವಣೆಯಾಯಿತೋ ಆ ಚೌಕವನ್ನು ಮಾತ್ರ ಕಳಿಸಬೇಕು. ಇದರ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು. ಅಗಲಕ್ಕೆ 1024, ಎತ್ತರಕ್ಕೆ 768 ಚುಕ್ಕೆಗಳ ಪರದೆ, ಪ್ರತಿ ಚುಕ್ಕೆಯ ಬಣ್ಣಕ್ಕೆ 2 ಬೈಟ್ ಎಂದುಕೊಂಡರೆ ಒಂದು ಪೂರ್ತಿ ಚಿತ್ರಕ್ಕೆ ಸುಮಾರು 1.26 ಕೋಟಿ ಬಿಟ್‌ಗಳು ಬೇಕು. ಭಾರತ ಸರ್ಕಾರದ 2004ರ ನೀತಿ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವನ್ನು. ಆ ವೇಗದಲ್ಲಿ ಒಂದೇ ಒಂದು ಚಿತ್ರ ದಾಟಲು 49 ಸೆಕೆಂಡು ಹಿಡಿಯುತ್ತಿತ್ತು. ಬದಲಾದ ಚೌಕ ಮಾತ್ರ ಕಳಿಸುವ, ಅದನ್ನೂ ಒತ್ತಿ ಕಿರಿದಾಗಿಸುವ ಜಾಣ್ಮೆ ಇಲ್ಲದಿದ್ದರೆ ನಮ್ಮ ಮನೆಗಳಿಗೆ ಈ ಸೇವೆ ಬರುತ್ತಿರಲಿಲ್ಲ.

ಇನ್ನೊಂದು ತೊಡಕಿತ್ತು. ಮನೆಯ ರೂಟರಿನ ಹಿಂದೆ ಕೂತ ಕಂಪ್ಯೂಟರಿಗೆ ಹೊರಗಿನಿಂದ ಕರೆಯಬಹುದಾದ ಸ್ವಂತ ವಿಳಾಸವಿರುವುದಿಲ್ಲ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ನೇರ ಒಳಗೆ ಬರುವಂತಿಲ್ಲ. 2005ರಲ್ಲಿ ಜರ್ಮನಿಯಲ್ಲಿ ಶುರುವಾದ ಟೀಮ್‌ವ್ಯೂವರ್, ಅದೇ ದೇಶದಿಂದ 2014ರಲ್ಲಿ ಬಂದ ಎನಿಡೆಸ್ಕ್ ಇದಕ್ಕೆ ಪರಿಹಾರವಾಗಿ ಎರಡೂ ಕಡೆಯವರು ನಡುವಿನ ಒಂದು ಸರ್ವರಿಗೆ ಹೋಗಿ ಅಲ್ಲಿ ಕೈಕುಲುಕುವ ಏರ್ಪಾಟು ಮಾಡಿದವು. ಯಾರು ಯಾರನ್ನು ಸೇರಬೇಕೆಂದು ಗುರುತಿಸಲು ಒಂದು ಅಂಕಿ ಸಾಕು. ಅಮೆರಿಕದಲ್ಲಿರುವ ಮಗ ಮೈಸೂರಿನ ಅಪ್ಪನ ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿಕೊಡುವುದು ಈ ಅಂಕಿಯ ಬಲದಿಂದಲೇ. ತಾಂತ್ರಿಕವಾಗಿ ಇದ್ದ ಕಾವಲು ಹೋಗಿ, ಕಾಯುವ ಹೊಣೆ ಅಂಕಿಯನ್ನು ಓದಿ ಹೇಳುವ ಮನುಷ್ಯನ ಮೇಲೆ ಬಿದ್ದದ್ದೂ ಆಗಲೇ.

ಈ ಕಥೆಯಲ್ಲಿ ನಮ್ಮ ನಾಡು ಎಲ್ಲಿದೆ? ನಾವು ಬಹಳ ಕಾಲ ರಿಪೇರಿ ಮಾಡುವವರ ತುದಿಯಲ್ಲಿದ್ದೆವು. ವಿದೇಶಿ ಪಾಲು ಕಡಿಮೆ ಮಾಡಬೇಕೆಂಬ ಸರ್ಕಾರದ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಾಗ, ಅದರ ಯಂತ್ರಗಳು ಇಲ್ಲೇ ಉಳಿದವು. ಅವುಗಳನ್ನು ನೋಡಿಕೊಳ್ಳುವ ಹೊಣೆ ಬಂದದ್ದು ಸರ್ಕಾರವೇ ಕಟ್ಟಿದ್ದ ಸಿಎಂಸಿಗೆ. ಅದರ ಪೂರ್ತಿ ಹೆಸರೇ ಕಂಪ್ಯೂಟರ್ ಮೆಂಟೆನೆನ್ಸ್ ಕಾರ್ಪೊರೇಷನ್. ಯಂತ್ರ ತಯಾರಿಕೆಗಿಂತ ಅದರ ನಿರ್ವಹಣೆಯನ್ನೇ ಹೆಸರಾಗಿ ಹೊತ್ತ ಸರ್ಕಾರಿ ಕಂಪನಿಯೊಂದು ಇತ್ತೆಂಬುದನ್ನು ನಮ್ಮ ಐಟಿ ಚರಿತ್ರೆಗಳು ಅಷ್ಟಾಗಿ ನೆನೆಯುವುದಿಲ್ಲ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಉಪಗ್ರಹ ಸಂಪರ್ಕದಿಂದ ಇಲ್ಲಿನ ಕೆಲಸ ಅಮೆರಿಕಕ್ಕೆ ತಲುಪತೊಡಗಿತು. 2000ದ ನಂತರ ಬೆಂಗಳೂರಿನ ಕಾಲ್ ಸೆಂಟರ್‌ಗಳು ತುಂಬಿದವು. ನಮ್ಮ ರಾತ್ರಿ ಅವರ ಹಗಲು. ಹಾಸನ, ತುಮಕೂರು, ಧಾರವಾಡದಿಂದ ಬಂದ ಪದವೀಧರರು ಅಮೆರಿಕನ್ ಹೆಸರು ಇಟ್ಟುಕೊಂಡು, ಉಚ್ಚಾರ ತಿದ್ದಿಕೊಂಡು, ನೋಡದ ಊರಿನ ನೋಡದ ಮನೆಗಳ ಕಂಪ್ಯೂಟರ್ ಸರಿಪಡಿಸಿದರು. ಅವರ ಮಾತು ಅರ್ಥವಾಗುವುದಿಲ್ಲ ಎಂಬ ದೂರೂ ಇತ್ತು. 2003ರ ಕೊನೆಯಲ್ಲಿ ಡೆಲ್ ಕಂಪನಿ ಗ್ರಾಹಕರ ಅಸಮಾಧಾನದಿಂದಾಗಿ ಬೆಂಗಳೂರಿಗೆ ಬರುತ್ತಿದ್ದ ಕೆಲವು ಕಾರ್ಪೊರೇಟ್ ಕರೆಗಳನ್ನು ಅಮೆರಿಕಕ್ಕೆ ಹಿಂದಿರುಗಿಸಿತು. ತಂತಿ ಎಷ್ಟು ಚೆನ್ನಾಗಿದ್ದರೂ ರಿಪೇರಿ ಮಾತಿನಲ್ಲಿ ಎಡವಬಹುದೆಂದು ಅದು ತೋರಿಸಿತು.

ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಜೆರಾಕ್ಸ್ ಯಂತ್ರದ ರಿಪೇರಿಯವರ ಜೊತೆ ಓಡಾಡಿ 1996ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅವನು ಕಂಡದ್ದು ಇಷ್ಟು: ಕಂಪನಿಯ ಕೈಪಿಡಿಯೊಂದರಿಂದಲೇ ಕೆಲಸ ಆಗುವುದಿಲ್ಲ. ರಿಪೇರಿಯವರು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡು ಕಲಿಯುತ್ತಾರೆ, ಯಂತ್ರ ಬಳಸುವವರನ್ನು ಮಾತಾಡಿಸಿ ರೋಗ ಹಿಡಿಯುತ್ತಾರೆ. ಯಂತ್ರದ ಅರ್ಧ ಚರಿತ್ರೆ ಬಳಸುವವರ ಬಾಯಲ್ಲಿರುತ್ತದೆ.

ಕಳೆದ ಮಳೆಗಾಲದಲ್ಲಿ ಇದು ನನ್ನ ಅನುಭವಕ್ಕೇ ಬಂತು. ಊರಿನ ಮನೆಯಲ್ಲಿ ಕೂತು ಪ್ರಬಂಧದ ಕೆಲಸ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ತೀರಾ ನಿಧಾನವಾಗಿತ್ತು, ಪೇಟೆಗೆ ಹೋಗುವ ರಸ್ತೆಯ ಸ್ಥಿತಿ ಹೇಳುವಂತಿರಲಿಲ್ಲ. ದೂರದಿಂದ ದುರಸ್ತಿ ಮಾಡುವ ಸೇವೆಯೊಂದಕ್ಕೆ ಫೋನ್ ಮಾಡಿದೆ. ಆ ತುದಿಯ ಹುಡುಗ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಕೆಲಸ ಚುರುಕಾಗಿತ್ತು. ಬೇಡದ ತಂತ್ರಾಂಶಗಳನ್ನೆಲ್ಲ ತೆಗೆಯುತ್ತ ಹೋದವನು ಒಂದು ಫೋಲ್ಡರಿನ ಮುಂದೆ ನಿಂತ. ಸರ್, ಈ ಫೈಲುಗಳು ಕರಪ್ಟ್ ಆಗಿವೆ, ಡಿಲೀಟ್ ಮಾಡಲೇ ಎಂದು ಕೇಳಿದ. ಪರದೆಯಲ್ಲಿ ಕಂಡದ್ದು ಗೀಟು ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ರಾಶಿ. ಅದು ನಾನು ಹಲವು ಊರುಗಳಿಂದ ಕೂಡಿಸಿಟ್ಟಿದ್ದ, ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಲೇಖನಗಳ ಸಂಗ್ರಹ. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡದ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು, ಫಾಂಟ್ ಇಲ್ಲದ ಕಡೆ ಅವು ಹೀಗೇ ಕಾಣುತ್ತವೆ. ವಿವರಿಸಿದೆ. ಫಾಂಟ್ ಹಾಕಿದೊಡನೆ ಕನ್ನಡ ಎದ್ದು ಕೂತಿತು. ಅರೆ, ಇದು ಭಾಷೆಯೇ ಎಂದು ಅವನು ನಕ್ಕ. ಅಷ್ಟರಲ್ಲಿ ಕಾಫಿ ತಂದ ಅಮ್ಮ, ಬಾಣ ತಾನಾಗಿ ಓಡುವುದನ್ನು ನೋಡಿ, "ಯಾರೋ ಅದು ಒಳಗೆ?" ಎಂದರು.

ಅಮ್ಮನ ಪ್ರಶ್ನೆ ಸಹಜವಾದದ್ದು. ಮನೆಗೆ ರಿಪೇರಿಗೆ ಬಂದವರನ್ನು ನಮ್ಮಲ್ಲಿ ಯಾವ ಊರು, ಯಾರ ಕಡೆಯವರು ಎಂದು ಕೇಳಿಯೇ ಒಳಗೆ ಕರೆಯುವುದು. ಕುಡಿಯಲು ನೀರು ಕೊಡುವ ನೆಪದಲ್ಲಿ ಮುಖ ನೋಡುತ್ತಾರೆ, ಕೆಲಸ ಮುಗಿಯುವವರೆಗೆ ಯಾರಾದರೊಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಕಂಪ್ಯೂಟರ್ ಹೊತ್ತುಕೊಂಡು ಹೋದರೂ ಅಲ್ಲೊಂದು ಕೌಂಟರ್ ಇದೆ, ಜಗಳ ಮಾಡಲು ಒಂದು ವಿಳಾಸವಿದೆ. ಇದೆಲ್ಲ ನಂಬಿಕೆಯನ್ನು ಅಳೆಯುವ ಹಳೆಯ ಸಲಕರಣೆಗಳು. ಅಂಕಿ ಓದಿ ಹೇಳುವ ಪದ್ಧತಿಯಲ್ಲಿ ಇವಾವುವೂ ಉಳಿದಿಲ್ಲ.

ಆ ಖಾಲಿ ಜಾಗಕ್ಕೆ ಮೋಸಗಾರರು ನುಗ್ಗಿದರು. 2012ರ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಳ್ಳು ದುರಸ್ತಿ ಸೇವೆಗಳ ಮೇಲೆ ಕ್ರಮ ಕೈಗೊಂಡಿತು. ಅವುಗಳಲ್ಲಿ ಹೆಚ್ಚಿನವು ಭಾರತದಿಂದ ನಡೆಯುತ್ತಿದ್ದವು. ಈ ಮೋಸದ ವಿಧಾನ ಸರಳ. ಫೋನ್ ಮಾಡಿ ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಎನ್ನುವುದು, ವಿಂಡೋಸಿನ ದಿನಚರಿಯಲ್ಲಿ ಯಾವಾಗಲೂ ಇರುವ ಮಾಮೂಲಿ ಎಚ್ಚರಿಕೆಗಳನ್ನೇ ತೆರೆದು ತೋರಿಸಿ ಹೆದರಿಸುವುದು, ಆಮೇಲೆ ಹಣ ಕೇಳುವುದು. ನಮ್ಮ ಹುಡುಗರು ಪ್ರಾಮಾಣಿಕವಾಗಿ ದುಡಿದು ಗಳಿಸಿದ್ದ ದನಿಯ ಮೇಲಿನ ನಂಬಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡರು. ಮುಂದೆ ಅದು ನಮ್ಮ ಮನೆಗಳಿಗೇ ತಿರುಗಿತು. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎಚ್ಚರಿಕೆ ನೀಡಬೇಕಾಯಿತು: ಏನೋ ನೆಪ ಹೇಳಿ ಎನಿಡೆಸ್ಕ್ ಹಾಕಿಸಿ, ಒಂಬತ್ತು ಅಂಕಿ ಕೇಳಿ, ಯುಪಿಐ ಮೂಲಕ ಹಣ ದೋಚುತ್ತಿದ್ದಾರೆ ಎಂದು. ತಂತ್ರಾಂಶದಲ್ಲಿ ದೋಷವಿರಲಿಲ್ಲ. ಮಗನಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆಯಿತು, ಅಷ್ಟೆ.

ಹಾಗೆಂದು ಬಾಗಿಲು ಮುಚ್ಚಿಕೊಂಡು ಕೂರಲಾಗದು. ಊರಲ್ಲಿ ಅಂಗಡಿಯಿಲ್ಲದವರಿಗೆ, ಮಕ್ಕಳು ದೂರವಿರುವ ಹಿರಿಯರಿಗೆ ಈ ಸೇವೆ ನಿಜವಾದ ಅನುಕೂಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ರಿಮೋಟ್ ಅಸಿಸ್ಟೆನ್ಸ್ ಎಂಬ ಸೌಲಭ್ಯವಿತ್ತು. ಅದರಲ್ಲಿ ಮನೆಯವರೇ ಆಹ್ವಾನ ಕಳಿಸಬೇಕಿತ್ತು, ಆಹ್ವಾನಕ್ಕೆ ಅವಧಿಯಿತ್ತು, ನೋಡಲು ಒಮ್ಮೆ ಒಪ್ಪಿದ ಮೇಲೂ ಯಂತ್ರ ಮುಟ್ಟಲು ಬೇರೆಯಾಗಿ ಒಪ್ಪಬೇಕಿತ್ತು. ಎಸ್ಕೇಪ್ ಕೀಲಿ ಒತ್ತಿದರೆ ಹೊರಗಿನವರ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಆ ವ್ಯವಸ್ಥೆ ಕಟ್ಟಿದವರಿಗೆ ಹೊಸಿಲಿನ ಅರ್ಥ ಗೊತ್ತಿತ್ತೆಂದು ನನಗನ್ನಿಸುತ್ತದೆ. ಇಂದಿನ ಸೇವೆಗಳಲ್ಲೂ ನಿಲ್ಲಿಸುವ ಗುಂಡಿ ಇದ್ದೇ ಇದೆ, ಆದರೆ ಅದೆಲ್ಲಿದೆ ಎಂದು ಅಂಕಿ ಕೇಳುವವರು ಮೊದಲು ಹೇಳುವುದಿಲ್ಲ. ಹೇಳಿದರೂ ಅದು ಎಲ್ಲರಿಗೂ ತಿಳಿಯುವ ನುಡಿಯಲ್ಲಿರುವುದಿಲ್ಲ.

ಕನ್ನಡದಲ್ಲಿ ಫೋನ್ ಎತ್ತುವ, ಕರೆದವರು ಯಾರೆಂದು ಮನೆಯವರು ತಾವೇ ಮರಳಿ ಫೋನ್ ಮಾಡಿ ಖಚಿತಪಡಿಸಿಕೊಳ್ಳಬಹುದಾದ, ಮುಟ್ಟುವ ಮೊದಲು ಕೇಳುವ ದುರಸ್ತಿ ಸೇವೆ ಕಟ್ಟುವುದು ಕಷ್ಟದ ಕೆಲಸವೇನಲ್ಲ. ರಾತ್ರಿಯಿಡೀ ಪರದೇಶದ ಮನೆಗಳನ್ನು ಸರಿಪಡಿಸಿದ ಅನುಭವ ಈ ನಾಡಿನಲ್ಲಿದೆ. ಅದನ್ನು ನಮ್ಮ ಮನೆಗಳ ಕಡೆಗೆ ತಿರುಗಿಸುವ ಕೆಲಸ ಬಾಕಿಯಿದೆ.