ಹಂಪೆಯ ಶಿಲ್ಪದ ಕೋಲಾಟವೂ ಕೋಲುಪದದ ಪಲ್ಲವಿಯೂ

ಹೊಸಪೇಟೆಗೆ ಸಮೀಪದ ಹಂಪೆಯಲ್ಲಿ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿಯೂ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿಯೂ ಕೋಲು ಹಿಡಿದು ಕುಣಿಯುವ ಸ್ತ್ರೀಯರನ್ನು ಕಂಡರಿಸಿರುವರು. ಆ ಪ್ರಾಕಾರದಲ್ಲಿ ಆನೆ, ಕುದುರೆ, ಕಾಲಾಳುಗಳ ಸಾಲುಗಳೊಡನೆಯೇ ನರ್ತಕಿಯರ ಸಾಲೂ ಇರುವುದರಿಂದ, ನೃತ್ಯವು ರಾಜೋತ್ಸವದ ಅಂಗವಾಗಿದ್ದಿತೆಂಬುದು ವಿದಿತವಾಗುತ್ತದೆ. ಲಾಕ್ಷಣಿಕರು ದಂಡರಾಸಕವೆಂದು ಕರೆದ ಈ ಬಗೆಯ ಕುಣಿತವನ್ನೇ ಜನರು ಕೋಲಾಟವೆಂದರು.

ಆದರೆ ಶಿಲ್ಪಿಯು ಹಿಡಿದಿಟ್ಟಿರುವುದು ಕೋಲೆತ್ತಿದ ಒಂದು ಕ್ಷಣವನ್ನು ಮಾತ್ರ. ಪೆಟ್ಟುಗಳ ನಡುವಣ ಕಾಲವೆಷ್ಟು, ಜೋಡಿಗಳು ಎಲ್ಲಿ ಬದಲಾದುವು ಎಂಬುದನ್ನು ಕಲ್ಲು ಹೇಳಲಾರದು.

ಇಲ್ಲಿ ಡೊಮಿಂಗೊ ಪಾಯಸನ ಬರೆಹವು ಸಹಾಯಕ್ಕೆ ಬರುತ್ತದೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಈ ಪೋರ್ತುಗೀಸನು ಅರಮನೆಯ ನೃತ್ಯಶಾಲೆಯನ್ನು ವರ್ಣಿಸಿರುವನು. ಅವನ ಬರೆಹವನ್ನು ರಾಬರ್ಟ್ ಸೀವೆಲ್ಲರು 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಲ್ಲಿನ ಫಲಕಗಳಲ್ಲಿ ಒಂದೊಂದು ನೃತ್ಯದ ಮುಕ್ತಾಯದ ಭಂಗಿಯನ್ನು ತೋರಿಸಿದ್ದರಂತೆ. ಮರೆತ ನರ್ತಕಿಯು ಅದನ್ನು ನೋಡಿ ನೆನಪಿಗೆ ತಂದುಕೊಳ್ಳುತ್ತಿದ್ದಳಂತೆ. ಎಂದರೆ, ಅಲ್ಲಿ ಶಿಲ್ಪವು ಕೇವಲ ಅಲಂಕಾರವಲ್ಲ, ನೆನಪಿನ ಸಾಧನ. ಆದರೂ ಅದು ಕಾಪಾಡಿದುದು ಕುಣಿತದ ಕೊನೆಯನ್ನೇ ಹೊರತು ನಡೆಯನ್ನಲ್ಲ.

ನಡೆಯನ್ನು ಕಾಪಾಡುವ ಸಾಧನವು ಹಳ್ಳಿಯ ಕೋಲುಪದದಲ್ಲಿರುವುದು. ಮುಂದಾಳು ನುಡಿಯನ್ನು ಹಾಡುವನು. ವೃತ್ತವಾಗಿ ನಿಂತವರು ಪಲ್ಲವಿಯನ್ನು ಮರುದನಿಸುತ್ತ ಕೋಲಿಗೆ ಕೋಲು ತಾಗಿಸುವರು. ಅನೇಕ ಪದಗಳ ಪಲ್ಲವಿಯಲ್ಲಿ ‘ಕೋಲು’ ಎಂಬ ಮಾತೇ ಮರಳಿ ಮರಳಿ ಬರುತ್ತದೆ. ಅರ್ಥವನ್ನು ಮಾತ್ರ ಅರಸುವವರಿಗೆ ಇದು ಬರಿಯ ಪುನರುಕ್ತಿಯಾಗಿ ತೋರಬಹುದು. ಆಡುವವರಿಗೆ ಅದು ಹಾಗಲ್ಲ. ಕೈಯಲ್ಲಿರುವ ವಸ್ತುವಿನ ಹೆಸರೇ ಬಾಯಲ್ಲಿ ತಾಳವಾಗಿ, ಪೆಟ್ಟಿನ ಎಡೆಯನ್ನು ಸೂಚಿಸುತ್ತದೆ. ಹಾಡು ಕುಣಿತವನ್ನು ಹೆಸರಿಸುತ್ತಲೇ ಅದನ್ನು ನಡೆಯಿಸುತ್ತದೆ.

ಆದುದರಿಂದ, ಸಂಗ್ರಹಕಾರರು ಪಲ್ಲವಿಯನ್ನು ಮೊದಲೊಮ್ಮೆ ಅಚ್ಚುಮಾಡಿ ಮುಂದಿನ ನುಡಿಗಳಲ್ಲಿ ಕೈಬಿಟ್ಟರೆ, ಕಥೆ ಉಳಿದು ಕುಣಿತ ಅಳಿಯುತ್ತದೆ. ಪಲ್ಲವಿ ಎಷ್ಟು ಸಲ ಬಂದಿತು, ಯಾವ ಅಕ್ಷರದ ಮೇಲೆ ಪೆಟ್ಟು ಬಿದ್ದಿತು, ಹೆಜ್ಜೆ ಎತ್ತ ತಿರುಗಿತು ಎಂಬುದನ್ನು ಹಾಡಿನೊಡನೆಯೇ ದಾಖಲಿಸಬೇಕು. 1991ರಲ್ಲಿ ಕನ್ನಡ ವಿಶ್ವವಿದ್ಯಾಲಯವು ಹಂಪೆಯಲ್ಲಿಯೇ ಸ್ಥಾಪಿತವಾದುದರಿಂದ, ಶಿಲ್ಪವನ್ನೂ ಪದವನ್ನೂ ಒಟ್ಟಿಗಿಟ್ಟು ಪರಿಶೀಲಿಸಲು ಆ ಸ್ಥಳಕ್ಕಿಂತ ತಕ್ಕುದು ಬೇರೊಂದಿಲ್ಲ. ಇಂದಿನ ಪದವು ವಿಜಯನಗರದ ಪದವೇ ಎಂದು ಸಾಧಿಸುವುದು ಇದರ ಉದ್ದೇಶವಲ್ಲ. ಕಲ್ಲು ಭಂಗಿಗೆ ಸಾಕ್ಷಿ. ಹಾಡು ಗತಿಗೆ ಸಾಕ್ಷಿ. ಇವೆರಡರಲ್ಲಿ ಮೊದಲು ಅಳಿಯತಕ್ಕದ್ದು ಹಾಡು. ಮೊದಲು ಬರೆದಿಡತಕ್ಕದ್ದೂ ಅದೇ.