ಸೀಮೆಯ ಯುದ್ಧ, ಬದುವಿನ ಹೊಂಗೆ: ಹಳ್ಳಿ ಇಂಧನ ಸಾಗಿಬಂದ ಹಾದಿ

2022ರ ಯುಗಾದಿ ಏಪ್ರಿಲ್ 2ಕ್ಕೆ ಬಿದ್ದಿತ್ತು. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಸುತ್ತಿನ ಊರುಗಳಲ್ಲಿ ಹೊನ್ನಾರು ಹೂಡುವ ಹೊತ್ತು ಅದು. ಉಕ್ರೇನ್ ಯುದ್ಧ ನಡೆದಿದ್ದ ಆ ಹಬ್ಬದ ಹಿಂದೆಮುಂದೆ, ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ, ಪೆಟ್ರೋಲ್ ಮತ್ತು ಡೀಸೆಲ್ ಬೆಲೆ ಹದಿನಾಲ್ಕು ಸಲ ಏರಿತು. ಲೀಟರಿಗೆ ಒಟ್ಟು ಹತ್ತು ರೂಪಾಯಿ. ಗದ್ದೆ ಬದುವಿನ ಮೇಲೆ ಟ್ರ್ಯಾಕ್ಟರಿಗೆ ಕಾದು ನಿಂತಿದ್ದ ರೈತರೊಬ್ಬರು ನನ್ನನ್ನು ಕೇಳಿದರು: "ಅದ್ಯಾವ್ದೋ ದೇಶದಲ್ಲಿ ಹೊಡೆದಾಡ್ಕಂಡ್ರೆ ನಮ್ಮ ಗದ್ದೆ ಉಳೋಕೆ ಯಾಕಣ್ಣ ಜಾಸ್ತಿ ಕೊಡ್ಬೇಕು?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳ್ಳಿ ಇಂಧನದ ಕೆಲಸದಲ್ಲೇ ಇದ್ದವನು ನಾನು. ಅವರ ಪ್ರಶ್ನೆಗೆ ಈ ನಾಡಿನಲ್ಲಿ ಬಹಳ ಹಿಂದೆಯೇ ಉತ್ತರ ಹುಡುಕಲು ಹೊರಟವರಿದ್ದರು ಎಂಬುದು ಇವತ್ತಿನ ಚರ್ಚೆಗಳಲ್ಲಿ ಕಾಣುವುದೇ ಇಲ್ಲ. ಜೈವಿಕ ಇಂಧನ ಎಂದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್, ಅದರ ಚರಿತ್ರೆ ಹತ್ತು ವರ್ಷದ್ದು ಎಂಬ ಮಾತು ಗಟ್ಟಿಯಾಗುತ್ತಿದೆ. ಆ ಮಾತು ತಪ್ಪು. ತಪ್ಪು ಚರಿತ್ರೆಯಿಂದ ತಪ್ಪು ದಾರಿ ಹುಟ್ಟುತ್ತದೆ ಎಂಬ ಕಳವಳದಿಂದಲೇ ಈ ಸಮೀಕ್ಷೆ ಬರೆಯುತ್ತಿದ್ದೇನೆ.

ನಮ್ಮ ಭಾಷೆಯೇ ಮೊದಲ ಸಾಕ್ಷಿ. ಗಾಣದ ಎಣ್ಣೆ ಊರಿನದು. ಹಡಗಿನಲ್ಲಿ ಬಂದದ್ದು ಸೀಮೆಎಣ್ಣೆ. ಹೊಂಗೆ, ಹರಳು, ಹಿಪ್ಪೆ ಎಣ್ಣೆಗಳ ದೀಪವನ್ನು ಅದು ನಂದಿಸಿದ್ದು ಅಗ್ಗವಾಗಿತ್ತು ಎಂಬ ಕಾರಣಕ್ಕೆ. ಬೆಳಕವಾಡಿಗೆ ಕೂಗಳತೆಯಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಅದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಶಿವನಸಮುದ್ರದ ಆಸುಪಾಸಿನ ಹಳ್ಳಿಗಳಲ್ಲಿ ಆಮೇಲೂ ಎಷ್ಟೋ ವರ್ಷ ಉರಿದದ್ದು ಸೀಮೆಎಣ್ಣೆ ಬುಡ್ಡಿ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದವು. ಅರೆಬರೆ ಗಾಳಿಯಲ್ಲಿ ಇದ್ದಿಲು ಸುಟ್ಟು, ಹುಟ್ಟಿದ ಅನಿಲವನ್ನು ಇಂಜಿನ್ನಿಗೆ ಊಡುವ ಏರ್ಪಾಡು ಅದು. ಮಂಡ್ಯದ ಸಕ್ಕರೆ ಕಾರ್ಖಾನೆಯ ಭಟ್ಟಿಯಲ್ಲಿ ಕಾಕಂಬಿಯಿಂದ ಪವರ್ ಆಲ್ಕೋಹಾಲ್ ತೆಗೆದು ಪೆಟ್ರೋಲಿಗೆ ಬೆರೆಸಿದ್ದೂ ಆ ಕಾಲದ ಮಾತೇ. 1948ರಲ್ಲಿ ಅದಕ್ಕೆ ದೇಶಮಟ್ಟದ ಕಾಯ್ದೆಯೂ ಆಯಿತು. ಆಮೇಲೆ ಎಣ್ಣೆ ಅಗ್ಗವಾಯಿತು, ಇದ್ದಿಲಿನ ಒಲೆ ಗುಜರಿಗೆ ಹೋಯಿತು, ಆಲ್ಕೋಹಾಲು ಬೇರೆ ದಾರಿ ಹಿಡಿಯಿತು. 2000ದಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿದರು. 2003ರ ಜನವರಿಯಲ್ಲಿ, ಇರಾಕ್ ಮೇಲಿನ ಯುದ್ಧದ ಮೋಡ ಕವಿದಿದ್ದಾಗ, ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ. 5 ಎಥೆನಾಲ್ ಬೆರೆಸುವ ಯೋಜನೆ ಹೊಸದಾಗಿ ಶುರುವಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು, ಬೆಂಕಿ ಆರಿದ ಮೇಲೆ ಅದನ್ನು ಮುಚ್ಚುವುದು: ಈ ಕ್ಷೇತ್ರದ ನಡೆ ಮೊದಲಿಂದಲೂ ಹೀಗೇ.

ನಿಜವಾದ ಅಧ್ಯಯನ ಶುರುವಾದದ್ದು 1973ರ ಅಕ್ಟೋಬರ್ ಯುದ್ಧದ ಬಿಸಿಯಲ್ಲಿ. ಇಸ್ರೇಲಿನೊಡನೆ ಕಾದಾಡುತ್ತಿದ್ದ ಅರಬ್ ದೇಶಗಳು ಎಣ್ಣೆಯನ್ನೇ ಆಯುಧ ಮಾಡಿಕೊಂಡವು. ಪೀಪಾಯಿಗೆ ಮೂರು ಡಾಲರ್ ಇದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ಅಸ್ತ್ರ ಎಂಬ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರ ನೆಲೆಯೂರಿತು. ಅವರು ಮೊದಲು ಯಂತ್ರ ಮಾಡಲಿಲ್ಲ, ಲೆಕ್ಕ ಮಾಡಿದರು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಹೆಂಗಸರು ಮಕ್ಕಳು ಎಷ್ಟು ದೂರದಿಂದ ಹೊತ್ತು ತರುತ್ತಾರೆ, ದೀಪಕ್ಕೆ ಎಷ್ಟು ಸೀಮೆಎಣ್ಣೆ ಬೇಕು ಎಂದು ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಅಳೆದರು. ಹಳ್ಳಿಯ ಇಂಧನದ ಬಹುಪಾಲು ಸೌದೆಯೇ ಎಂದು ಅಂಕಿಗಳಲ್ಲಿ ಕಂಡದ್ದು ಆಗ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ಸಾಧನೆ ಆ ಲೆಕ್ಕವೇ.

ಅಲ್ಲಿಂದ ಮೂರು ಕವಲು ಒಡೆದವು. ಮೊದಲನೆಯದು ಹೆಚ್ಚು ಉರಿ, ಕಡಿಮೆ ಹೊಗೆಯ ಅಸ್ತ್ರ ಒಲೆ. ಎರಡನೆಯದು ಪುರ ಎಂಬ ಹಳ್ಳಿಯ ಸಮುದಾಯ ಗೊಬ್ಬರ ಅನಿಲ ಸ್ಥಾವರ. ಮೊದಲು ಅದರ ಅನಿಲವನ್ನು ಅಡುಗೆಗೆ ಕೊಡಲು ನೋಡಿದರು, ಸಗಣಿ ಸಾಲಲಿಲ್ಲ. ಊರಿನವರಿಗೆ ಬೇಕಾಗಿದ್ದದ್ದು ನೀರು ಮತ್ತು ದೀಪ. 1987ರಿಂದ ಅದೇ ಅನಿಲ ಡೀಸೆಲ್ ಇಂಜಿನ್ನಿಗೆ ಹೋಗಿ ಕೊಳವೆಬಾವಿಯ ನೀರನ್ನು ನಲ್ಲಿಗೆ ತಂದಿತು, ಮನೆಗಳಿಗೆ ದೀಪ ಕೊಟ್ಟಿತು. ಜನರನ್ನು ಕೇಳಿ ಯಂತ್ರದ ಕೆಲಸವನ್ನೇ ಬದಲಿಸಿದ ಈ ವಿನಯವನ್ನು ಆಮೇಲಿನ ಯೋಜನೆಗಳಲ್ಲಿ ನಾನು ಹೆಚ್ಚು ಕಾಣಲಿಲ್ಲ. ಮೂರನೆಯ ಕವಲು ಎಚ್. ಎಸ್. ಮುಕುಂದ ಅವರ ತಂಡದ ಸೌದೆ ಅನಿಲ ಯಂತ್ರ. ಯುದ್ಧಕಾಲದ ಇದ್ದಿಲು ಬಸ್ಸಿನ ತತ್ವವೇ ಇಲ್ಲಿ ವಿಜ್ಞಾನವಾಗಿ ಬೆಳೆಯಿತು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಅದು ಬೆಳಕು ಕೊಟ್ಟಿತು. ಇಂಜಿನ್ ಶುರುವಾಗುತ್ತಿದ್ದದ್ದು ಡೀಸೆಲ್‌ನಲ್ಲಿ. ಅನಿಲ ಹತ್ತಿಕೊಂಡ ಮೇಲೆ ಡೀಸೆಲ್ ಬಳಕೆ ಬಹುಪಾಲು ಇಳಿಯುತ್ತಿತ್ತು.

ನಾನು ಈ ಕೆಲಸಕ್ಕೆ ಕಾಲಿಟ್ಟದ್ದು ಆ ದಿನಗಳಲ್ಲೇ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಹದಿನೇಳು ಡಾಲರಿನ ಆಸುಪಾಸಿನಲ್ಲಿದ್ದ ಎಣ್ಣೆ ಅಕ್ಟೋಬರಿನೊಳಗೆ ನಲವತ್ತಾಯಿತು. ಸೀಮೆಎಣ್ಣೆ ಅಂಗಡಿ ಮುಂದೆ ಖಾಲಿ ಡಬ್ಬಗಳ ಸಾಲು, ಡಬ್ಬ ಕಾಯಲು ಬಿಟ್ಟ ಮಕ್ಕಳು ನನ್ನ ಕಣ್ಣಿಗೆ ಕಟ್ಟಿವೆ. ಮಾರನೆಯ ವರ್ಷ ದೇಶ ಚಿನ್ನ ಒತ್ತೆಯಿಟ್ಟಿತು. ಆ ಎರಡು ವರ್ಷ ನಮ್ಮನ್ನು ಹುಡುಕಿಕೊಂಡು ಬರುವ ಅಧಿಕಾರಿಗಳಿಗೆ ಲೆಕ್ಕವಿರಲಿಲ್ಲ. ಎಣ್ಣೆ ಇಳಿದ ಮೇಲೆ ನಮ್ಮ ಕಡತಗಳು ತೆರೆಯದೆ ಉಳಿದವು.

ಆ ಅಗ್ಗದ ವರ್ಷಗಳಲ್ಲೂ ಕೆಲಸ ನಿಲ್ಲಿಸದವರು ಉಡುಪಿ ಶ್ರೀನಿವಾಸ. ವಿಜ್ಞಾನ ಸಂಸ್ಥೆಯ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಹೊಂಗೆ ಎಣ್ಣೆಯನ್ನು ನೇರವಾಗಿ ಡೀಸೆಲ್ ಇಂಜಿನ್ನಿಗೆ ಹಾಕಿ, ಸುತ್ರ ಎಂಬ ತಮ್ಮ ಯೋಜನೆಯ ಮೂಲಕ ಕಗ್ಗನಹಳ್ಳಿಯಂಥ ಬೆದ್ದಲ ಊರಿನಲ್ಲಿ ನೀರೆತ್ತಿ ತೋರಿಸಿದರು. 2007ರಲ್ಲಿ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಎದ್ದಿತು. ಪ್ರೊ. ಬಾಲಕೃಷ್ಣ ಗೌಡರು ಬೀಜ ಸಂಗ್ರಹಕ್ಕೆ ಹಳ್ಳಿಗಳ ರೈತಸಂಘಗಳನ್ನೇ ಕಟ್ಟಿದರು. ಆಗ ದೇಶವೆಲ್ಲ ಜಟ್ರೋಫದ ಹಿಂದೆ ಓಡುತ್ತಿತ್ತು. ನೀರು ಗೊಬ್ಬರ ಬೇಡ, ಪಾಳುಭೂಮಿಯಲ್ಲಿ ಎಣ್ಣೆ ಸುರಿಯುತ್ತದೆ ಎಂದು ನಂಬಿಸಿದ ಗಿಡ ಅದು. ನಂಬಿದ ರೈತರು ಕಿತ್ತು ಹಾಕಿದರು. ಹಾಸನದವರು ಮಾತ್ರ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬದುವಿನಲ್ಲಿ ಬೆರೆಸಿ ಬೆಳೆಸಿ ಎಂದರು. ಅವರು ಹೇಳಿದ್ದೇ ಸರಿಯಾಯಿತು. 2008ರ ಜುಲೈನಲ್ಲಿ ಎಣ್ಣೆ 147 ಡಾಲರ್ ಮುಟ್ಟಿದಾಗ ಸರ್ಕಾರವೂ ಕಣ್ಣು ತೆರೆಯಿತು. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ, ವೈ. ಬಿ. ರಾಮಕೃಷ್ಣ ಅವರ ಮುಂದಾಳ್ತನ, ಎಣ್ಣೆಬೀಜದ ಮರ ನೆಡುವ ಹಸಿರು ಹೊನ್ನು ಮತ್ತು ಬರಡು ಬಂಗಾರ ಯೋಜನೆಗಳು ಬಂದವು.

ಹೊಂಗೆಯ ಕೆಲಸವನ್ನು ಹತ್ತಿರದಿಂದ ಕಂಡವರು ಕಡಿಮೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಕಾಯಿ ಉದುರುತ್ತದೆ. ಹೆಂಗಸರು ಅದನ್ನು ಗುಡಿಸಿ ತಂದು, ಜಗಲಿಯಲ್ಲಿ ಕೂತು ದೊಣ್ಣೆಯಿಂದ ಬಡಿದು ಬೀಜ ಬಿಡಿಸುತ್ತಾರೆ. ಬೀಜದ ತೂಕದಲ್ಲಿ ಸುಮಾರು ಶೇ. 30 ಎಣ್ಣೆ ಇದ್ದರೂ ಹಳ್ಳಿಯ ಎಣ್ಣೆ ಮಿಷನ್ನಿಗೆ ಸಿಗುವುದು ಕಾಲುಭಾಗ. ಅಂದರೆ ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಹತ್ತಿರ ಹತ್ತಿರ ಮೂರು ಕೆಜಿ ಹಿಂಡಿ. ಕಂದುಬಣ್ಣದ ಆ ಎಣ್ಣೆಯನ್ನು ಎರಡು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಮೊದಲ ಸಲ ಟಿಲ್ಲರಿಗೆ ಹಾಕಿದಾಗ ಹೊಗೆಯಲ್ಲಿ ಕರಿದ ತಿಂಡಿಯ ವಾಸನೆ ಬಂದಿತ್ತು. ಸುತ್ತ ನಿಂತಿದ್ದ ಮಕ್ಕಳು ಅದನ್ನು ಮೂಸಿ ನೋಡಿ ಕುಣಿದರು. ಪುಷ್ಯಮಾಸದ ಚಳಿಯಲ್ಲಿ ಅದೇ ಎಣ್ಣೆ ಮಂದವಾಗಿ ಫಿಲ್ಟರ್ ಕಟ್ಟಿತು, ನಾಜಲ್‌ನಲ್ಲಿ ಮಸಿ ಕೂತಿತು. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರೆ ಮಾಡಿದರೆ ತೆಳುವಾದ ಜೈವಿಕ ಡೀಸೆಲ್ ಆಗುತ್ತದೆ, ತೊಂದರೆ ತಪ್ಪುತ್ತದೆ. ಅದನ್ನೂ ಮಾಡಿದೆವು. ವಿದ್ಯೆ ನಮ್ಮ ಕೈ ಬಿಡಲಿಲ್ಲ.

ಕೈಬಿಟ್ಟದ್ದು ಕೊಳ್ಳುವವರು. 2014ರ ನಡುವಿನಲ್ಲಿ 110 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಜನವರಿಗೆ ಮೂವತ್ತಕ್ಕಿಂತ ಕೆಳಗಿಳಿಯಿತು. ನಾನು ಓಡಾಡುತ್ತಿದ್ದ ಊರೊಂದರಲ್ಲಿ, ಬೀಜ ಕೊಳ್ಳುತ್ತೇವೆಂದು ಮಾತು ಕೊಟ್ಟಿದ್ದವರು ಆ ವರ್ಷ ಬರಲೇ ಇಲ್ಲ. ಚೀಲಗಳಲ್ಲಿ ಹುಳು ಬಿದ್ದಿತು. ಬೀಜ ಆರಿಸಿದ್ದ ತಾಯಂದಿರ ಮುಂದೆ ನಿಂತು ಉತ್ತರ ಹೇಳಬೇಕಾದವನು ನಾನಾಗಿದ್ದೆ. ಮರುವರ್ಷ ಹೊಂಗೆಕಾಯಿ ಮರದ ಕೆಳಗೇ ಕೊಳೆಯಿತು.

ಮಳವಳ್ಳಿ ತಾಲ್ಲೂಕಿನದೇ ಇನ್ನೊಂದು ಪ್ರಯೋಗ ಈ ಚರಿತ್ರೆಯಲ್ಲಿ ಸೇರಬೇಕು. ಈ ಶತಮಾನದ ಆರಂಭದಲ್ಲಿ ಕಿರುಗಾವಲಿನ ಬಳಿ 4.5 ಮೆಗಾವ್ಯಾಟ್ ವಿದ್ಯುತ್ ಸ್ಥಾವರವೊಂದು ಎದ್ದಿತು. ರೈತರು ಗದ್ದೆಯಲ್ಲೇ ಸುಡುತ್ತಿದ್ದ ಕಬ್ಬಿನ ತರಗು, ತೆಂಗಿನ ಗರಿ ಅದರ ಸೌದೆ. ಆಲೆಮನೆಯಲ್ಲಿ ಹಿಂಡಿದ ಕಬ್ಬಿನ ರಚ್ಚನ್ನೇ ಒಣಗಿಸಿ ಕೊಪ್ಪರಿಗೆಗೆ ಉರಿ ಮಾಡುವ ಸೀಮೆಗೆ ಇದು ಹೊಸ ಪಾಠವೇನಲ್ಲ. ಕಸವೂ ಇಂಧನ ಎಂದು ಬಲ್ಲ ಜನ ನಾವು.

ಈಗಿನ ಘಟ್ಟ ಎಥೆನಾಲಿನದು. 2013-14ರಲ್ಲಿ ಶೇ. 1.5ರಷ್ಟಿದ್ದ ಬೆರಕೆ 2022ರಲ್ಲಿ ಶೇ. 10 ಮುಟ್ಟಿತು, 2025ರಲ್ಲಿ ಶೇ. 20ರ ಹತ್ತಿರ ಬಂದಿತು. 2018ರ ರಾಷ್ಟ್ರೀಯ ನೀತಿ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ತೆಗೆಯಲು ದಾರಿ ಮಾಡಿತು. ಒಂದು ಟನ್ ಕಬ್ಬಿನ ಕಾಕಂಬಿಯಿಂದ ಸುಮಾರು 10 ಲೀಟರ್ ಬಂದರೆ, ಹಾಲಿನಿಂದ 70 ಲೀಟರ್ ಬರುತ್ತದೆ. ಮಂಡ್ಯದ ರೈತರಿಗೆ ಇದರಿಂದ ಒಳ್ಳೆಯದಾಗಿದ್ದರೆ ನನಗೂ ಸಂತೋಷ. ಆದರೆ ಕಬ್ಬು ನೀರಿನ ಬೆಳೆ. 2023ರ ಬರದಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ, ಕಾವೇರಿಗಾಗಿ ಜಿಲ್ಲೆ ಬೀದಿಗಿಳಿಯಿತು. ಸಕ್ಕರೆ ಕಡಿಮೆಯಾಗುವ ಭಯದಿಂದ ಅದೇ ಡಿಸೆಂಬರಿನಲ್ಲಿ ಕೇಂದ್ರವೇ ಕಬ್ಬಿನ ಹಾಲಿನ ಎಥೆನಾಲಿಗೆ ಕಡಿವಾಣ ಹಾಕಬೇಕಾಯಿತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಎಥೆನಾಲ್ ಬೆರೆಯುವುದು ಪೆಟ್ರೋಲಿಗೆ. ಹಳ್ಳಿ ಓಡುವುದು ಡೀಸೆಲ್ ಮೇಲೆ. ರೋಟವೇಟರ್ ಎಳೆಯುವ ಟ್ರ್ಯಾಕ್ಟರ್, ಕಬ್ಬಿನ ಲಾರಿ, ಭತ್ತ ಕೊಯ್ಯುವ ಯಂತ್ರ, ಊರಿನ ಬಸ್ಸು, ಯಾವುದಕ್ಕೂ ಪೆಟ್ರೋಲ್ ಬೇಡ. ದೇಶ ವರ್ಷಕ್ಕೆ ಸುಮಾರು 9 ಕೋಟಿ ಟನ್ ಡೀಸೆಲ್ ಸುಡುತ್ತದೆ, ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು. ಡೀಸೆಲಿಗೆ ಶೇ. 5 ಜೈವಿಕ ಡೀಸೆಲ್ ಬೆರೆಸುವ ಗುರಿ 2030ಕ್ಕೆ ಇದೆ, ಈವರೆಗಿನ ಬೆರಕೆ ಶೇ. 1ಕ್ಕೂ ಕಡಿಮೆ.

ಆ ಡೀಸೆಲ್ ಬರುವ ದಾರಿಯನ್ನೂ ನೋಡಬೇಕು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನದು. ಅದರಲ್ಲಿ ದೊಡ್ಡ ಪಾಲು ಹೋರ್ಮುಜ್ ಜಲಸಂಧಿಯನ್ನು ದಾಟಿ ಬರಬೇಕು. ಮಂಗಳೂರಿನ ಸಂಸ್ಕರಣಾಗಾರದಿಂದ 362 ಕಿಲೋಮೀಟರ್ ಕೊಳವೆ ಹಾಸನದ ಮೇಲೆ ಬೆಂಗಳೂರಿಗೆ ಹರಿದಿದೆ. ಮಂಗಳೂರು ಮತ್ತು ಉಡುಪಿಯ ಪಾದೂರಿನ ಬಂಡೆಯೊಳಗೆ 40 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳಿವೆ. ವಿಶಾಖಪಟ್ಟಣದ್ದೂ ಸೇರಿ ಈ ಸಂಗ್ರಹ ದೇಶಕ್ಕೆ ಒಂಬತ್ತೂವರೆ ದಿನ ಸಾಕು. ಹಡಗು ನಿಲ್ಲಬೇಕೆಂದೇನೂ ಇಲ್ಲ. ವಿಮೆ, ಬಾಡಿಗೆ, ಡಾಲರಿನ ದರ ಏರಿದರೂ ಸಾಕು, ಭಯವೇ ಬೆಲೆಯಾಗುತ್ತದೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಕಾದಾಡಿದಾಗ ಹೋರ್ಮುಜ್ ಮುಚ್ಚಲಿಲ್ಲ, ಆದರೂ ಎಣ್ಣೆ ಮಾರುಕಟ್ಟೆ ನಡುಗಿತು.

ಹೊಂಗೆಯಿಂದ ದೇಶದ ಡೀಸೆಲ್ ತುಂಬಿಸಲು ಆಗುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಲೆಕ್ಕ ಚಿಕ್ಕದು. ಟ್ರ್ಯಾಕ್ಟರ್ ಗಂಟೆಗೆ ಐದಾರು ಲೀಟರ್ ಕುಡಿಯುತ್ತದೆ. ಎರಡೆಕರೆಯ ರೈತನಿಗೆ ವರ್ಷದಲ್ಲಿ ಹತ್ತು ಗಂಟೆ ಉಳುಮೆ ಎಂದರೂ ಅರವತ್ತು ಲೀಟರ್. ಬಲಿತ ಮರಕ್ಕೆ ಇಪ್ಪತ್ತು ಕೆಜಿ ಬೀಜ ಎಂದು ಹಿಡಿದರೆ ಬದುವಿನ ಹನ್ನೆರಡು ಮರ ಅಷ್ಟು ಎಣ್ಣೆ ಕೊಡುತ್ತವೆ. ಜೊತೆಗೆ ಗದ್ದೆಗೆ ಗೊಬ್ಬರವಾಗುವ ನೂರೆಂಬತ್ತು ಕೆಜಿ ಹಿಂಡಿ. ಹಿಂಡಿಯ ಬೆಲೆ ಬಿಟ್ಟು ಲೆಕ್ಕ ಹಾಕಿದವರೆಲ್ಲ ಹೊಂಗೆ ಸೋತಿತು ಎಂದು ಬರೆದರು. ಯುದ್ಧ ಬಂದರೆ ಏರುವುದು ಡೀಸೆಲ್ ಒಂದೇ ಅಲ್ಲ, ಗೊಬ್ಬರವೂ ಏರುತ್ತದೆ. 2022-23ರಲ್ಲಿ ದೇಶದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿ ದಾಟಿತು. ಆ ಲೆಕ್ಕದಲ್ಲಿ ಹಿಂಡಿಯನ್ನು ಇಟ್ಟು ನೋಡಿದ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊಂಗೆಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದ ನಮ್ಮ ಹಿರಿಯರಿಗೆ ಆ ಲೆಕ್ಕ ಬಾಯಿಪಾಠವಾಗಿತ್ತು.

ಉಳಿದ ಕೊರತೆಗಳೂ ಸಣ್ಣವೇ. ಹೋಬಳಿಗೊಂದು ಎಣ್ಣೆ ಮಿಷನ್ನು, ಅದನ್ನು ಬಿಚ್ಚಿ ಕಟ್ಟಬಲ್ಲ ಒಬ್ಬ ಮೆಕ್ಯಾನಿಕ್, ಕಚ್ಚಾತೈಲ ಮೂವತ್ತಿರಲಿ ನೂರಿರಲಿ ಬದಲಾಗದ ಬೀಜದ ಬೆಲೆ. ಹಾಲಿನ ಡೇರಿ ಊರೂರಿಗೆ ದಿನಾ ಎರಡು ಹೊತ್ತು ಮಾಡುವ ಕೆಲಸವನ್ನು ಬೀಜಕ್ಕೆ ವರ್ಷದಲ್ಲಿ ಎರಡು ತಿಂಗಳು ಮಾಡಿದರೆ ಸಾಕು.

ಯುಗಾದಿಯಂದು ನನ್ನನ್ನು ಕೇಳಿದ ಆ ರೈತರ ಬದುವಿನಲ್ಲಿ ಆಗ ಮೂರು ಹೊಂಗೆ ಮರಗಳಿದ್ದವು. ಮಿಕ್ಕವನ್ನು ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಕಡಿಸಿದ್ದರು. ಹೊಂಗೆ ಸಸಿ ಕಾಯಿ ಕಚ್ಚಲು ಐದರಿಂದ ಏಳು ವರ್ಷ ಬೇಕು. ಬೆಲೆ ಏರಿದ ದಿನ ನೆಟ್ಟ ಸಸಿ ಆ ಯುದ್ಧಕ್ಕೆ ಒದಗುವುದಿಲ್ಲ. ಆ ಮಳೆಗಾಲದಲ್ಲಿ ಅವರ ಗದ್ದೆಯ ಅಂಚಿಗೆ, ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಒಂಬತ್ತು ಸಸಿ ನೆಟ್ಟೆವು. ಅವು ಕಾಯಿ ಬಿಡುವ ವರ್ಷ ಎಣ್ಣೆ ಅಗ್ಗವಾಗಿದ್ದರೂ ಬೀಜ ಕೊಳ್ಳುವವರು ಒಬ್ಬರು ಬಾಗಿಲಿಗೆ ಬರಬೇಕು. ಅರ್ಧ ಶತಮಾನದ ಈ ಕ್ಷೇತ್ರ ಇನ್ನೂ ಮಾಡದೆ ಉಳಿಸಿಕೊಂಡಿರುವ ಕೆಲಸ ಅದೊಂದೇ.